ದೀರ್ಘಸೂತ್ರತೆಯೂ ಕೃತಕ ಬುದ್ಧಿಮತ್ತೆಯೂ

ಮಾಡಲೇಬೇಕೆಂದು ತಿಳಿದಿದ್ದೂ ಕೆಲಸವನ್ನು ಮುಂದೂಡುತ್ತ ಹೋಗುವ ಸ್ವಭಾವಕ್ಕೆ ನಮ್ಮ ಹಿರಿಯರು ದೀರ್ಘಸೂತ್ರತೆ ಎಂದು ಹೆಸರಿಟ್ಟರು. ಎಳೆದಷ್ಟೂ ಉದ್ದವಾಗುವ ನೂಲಿನಂತೆ ಕೆಲಸವೂ ನಾಳೆ ನಾಡಿದ್ದುಗಳವರೆಗೆ ಬೆಳೆಯುತ್ತದೆ. ಭಗವದ್ಗೀತೆಯ ೧೮ನೆಯ ಅಧ್ಯಾಯದಲ್ಲಿ ದೀರ್ಘಸೂತ್ರಿಯನ್ನು ತಾಮಸ ಕರ್ತೃವೆಂದು ಎಣಿಸಲಾಗಿದೆ. ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ನಮ್ಮ ನಾಡಿನ ಹಲವು ಊರುಗಳಲ್ಲಿತ್ತು. ದೆವ್ವವು ಅದನ್ನು ಓದಿ ಹಿಂದಿರುಗುವುದಂತೆ. ಕೆಲಸವೂ ಹಾಗೆ ಹಿಂದಿರುಗುವುದಾದರೆ ಚಿಂತೆಯಿರಲಿಲ್ಲ. ಅದು ಹೊಸ್ತಿಲಲ್ಲೇ ಕುಳಿತಿರುತ್ತದೆ.

ಇದನ್ನು ಸೋಮಾರಿತನವೆಂದು ಜರೆದು ಸುಮ್ಮನಾಗುವುದು ಸುಲಭ. ಆದರೆ ವಿಚಾರಿಸಿ ನೋಡಿದರೆ ಸಂಗತಿ ಅಷ್ಟು ಸರಳವಲ್ಲ. ನನ್ನ ತಂದೆತಾಯಿಗಳು ರೈತರು. ಅವರು ಬಿತ್ತನೆಯನ್ನು ನಾಳೆಗೆ ತಳ್ಳಿದುದನ್ನು ನಾನು ಕಂಡಿಲ್ಲ. ಹದ ಆರಿದರೆ ಬೀಜ ಮೊಳೆಯದು. ಮಳೆಯೇ ಅವರಿಗೆ ಗಡುವು. ಅದೇ ಜನ ಕಚೇರಿಗೆ ಕೊಡಬೇಕಾದ ಅರ್ಜಿಯೊಂದನ್ನು ತಿಂಗಳುಗಟ್ಟಲೆ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ದುಡಿಮೆಗೆ ಅಂಜದವರು ಕಾಗದಕ್ಕೇಕೆ ಅಂಜಬೇಕು? ಎಲ್ಲಿಂದ ಮೊದಲಿಡಬೇಕೆಂದು ತಿಳಿಯದು. ತಪ್ಪಾದರೆ ನಗೆಪಾಟಲಾದೇವೆಂಬ ಅಳುಕು ಬೇರೆ. ಫುಶಿಯಾ ಸಿರೊಯಿಸ್ ಮತ್ತು ತಿಮೋತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು ೨೦೧೩ರಲ್ಲಿ ಪ್ರಕಟಿಸಿದ ಲೇಖನದ ಸಾರವೂ ಹೆಚ್ಚುಕಡಿಮೆ ಇದೇ: ಕೆಲಸವು ಹುಟ್ಟಿಸುವ ಬೇಸರ ಕಳವಳಗಳಿಂದ ಪಾರಾಗಲೆಂದೇ ಮನುಷ್ಯನು ಅದನ್ನು ಮುಂದೂಡುತ್ತಾನೆ. ಆ ಗಳಿಗೆಗೆ ಮನಸ್ಸು ಹಗುರಾಗುತ್ತದೆ. ಭಾರವೆಲ್ಲ ನಾಳಿನ ಹೆಗಲಿಗೆ ಬೀಳುತ್ತದೆ.

೨೦೨೨ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಸಾರ್ವಜನಿಕರ ಕೈಗೆ ಬಂದಂದಿನಿಂದ ಇಂಥ ಅಳುಕಿಗೆ ಹೊಸದೊಂದು ಆಸರೆ ದೊರೆತಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಶಾಕೆಡ್ ನೋಯ್ ಮತ್ತು ವಿಟ್ನಿ ಜಾಂಗ್ ಎಂಬ ಸಂಶೋಧಕರು ಪದವೀಧರ ಉದ್ಯೋಗಿಗಳಿಗೆ ಕಚೇರಿಯ ಬರವಣಿಗೆಯನ್ನು ಕೊಟ್ಟು ಪರೀಕ್ಷಿಸಿ, ಅದರ ಫಲಿತಾಂಶವನ್ನು ೨೦೨೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸಾಧನವನ್ನು ಪಡೆದವರಿಗೆ ತಗುಲಿದ ಕಾಲವು ಸರಾಸರಿ ಶೇಕಡ ೪೦ರಷ್ಟು ತಗ್ಗಿತು. ಬರವಣಿಗೆಯ ಗುಣವು ಶೇಕಡ ೧೮ರಷ್ಟು ಏರಿತು. ಇದು ಸಾಮಾನ್ಯ ಲಾಭವಲ್ಲ. ಆದರೆ ಹಿಡಿದ ಕೆಲಸವನ್ನು ಬೇಗ ಮುಗಿಸುವುದು ಬೇರೆ, ಕೆಲಸಕ್ಕೆ ಕೈಹಚ್ಚುವುದು ಬೇರೆ. ದೀರ್ಘಸೂತ್ರಿಯ ತೊಡಕಿರುವುದು ಎರಡನೆಯದರಲ್ಲಿ.

ಒಂದು ನಿದರ್ಶನ ಕೊಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದ ವರದಿಯನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು. ನಾನು ಯಂತ್ರವನ್ನು ವರದಿ ಬರೆಯೆಂದು ಕೇಳಲಿಲ್ಲ. “ಈ ಕೆಲಸವನ್ನು ಹತ್ತು ಹತ್ತು ನಿಮಿಷಗಳ ತುಂಡುಗಳಾಗಿ ಒಡೆ, ಮೊದಲ ತುಂಡನ್ನು ಮಾತ್ರ ಈಗ ಹೇಳು” ಎಂದು ಕೇಳಿದೆ. ದಿನಕ್ಕೊಂದರಂತೆ ಏಳು ಸಾಲು ಬರೆಯಬೇಕೆಂದು ಉತ್ತರ ಬಂದಿತು. ಏಳು ಸಾಲಿಗೆ ಯಾರು ತಾನೆ ಅಂಜುವರು? ಬರೆದೆ. ಬಳಿಕ, ಓದುವವರಿಗೆ ಏಳಬಹುದಾದ ಪ್ರಶ್ನೆಗಳನ್ನು ನನ್ನನ್ನೇ ಕೇಳೆಂದು ಹೇಳಿದೆ. ಎಷ್ಟು ಮಂದಿ ಬಂದಿದ್ದರು, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂದು ಅದು ಕೇಳುತ್ತ ಹೋಯಿತು. ನಾನು ಉತ್ತರ ಬರೆಯುತ್ತ ಹೋದೆ. ಉಳಿದುದನ್ನು ‘ನಾಳೆ’ ಎಂದು ಬಿಡದೆ ‘ನಾಳೆ ರಾತ್ರಿ ಊಟವಾದೊಡನೆ, ಜಗಲಿಯ ಮೇಲೆ’ ಎಂದು ಗೊತ್ತುಮಾಡಿಕೊಂಡೆ. ಹೀಗೆ ಕಾಲ ಸ್ಥಳಗಳನ್ನು ಮೊದಲೇ ನಿಶ್ಚಯಿಸಿಕೊಂಡ ಸಂಕಲ್ಪಕ್ಕೆ ಬಲ ಹೆಚ್ಚೆಂದು ಪೀಟರ್ ಗೋಲ್‌ವಿಟ್ಜರ್ ಎಂಬ ವಿದ್ವಾಂಸರು ೧೯೯೯ರಲ್ಲಿಯೇ ವಿವರಿಸಿದ್ದಾರೆ.

ಪರೀಕ್ಷಿಸಿ ನೋಡೋಣವೆಂದು, ವಿವರಗಳನ್ನೇನೂ ಕೊಡದೆ ಇಡೀ ವರದಿಯನ್ನು ಬರೆಯಲು ಬೇರೆಯಾಗಿ ಹೇಳಿದೆ. ಅರ್ಧ ನಿಮಿಷದಲ್ಲಿ ಅಂದವಾದ ವರದಿ ಸಿದ್ಧವಾಯಿತು. ನಾವು ನೆಡದ ಗಿಡಗಳು ಅದರಲ್ಲಿ ಚಿಗುರಿದ್ದವು. ನಮ್ಮ ಅಂಗೈಗಳಲ್ಲಿ ಬೊಬ್ಬೆ ಏಳಿಸಿದ ಕಲ್ಯಾಣಿಯ ಹೂಳಿನ ಮಾತೇ ಇರಲಿಲ್ಲ. ಕಂಡವರು ಹೇಳದ ಹೊರತು ಯಂತ್ರಕ್ಕೆ ತಿಳಿಯುವ ಬಗೆಯೆಂತು?

ಇನ್ನೊಂದು ಎಚ್ಚರವೂ ಅವಶ್ಯ. ಯಂತ್ರವು ಸೊಗಸಾದ ವೇಳಾಪಟ್ಟಿಗಳನ್ನು ಹಾಕಿಕೊಡುತ್ತದೆ. ಅವನ್ನೇ ತಿದ್ದುತ್ತ, ಬಣ್ಣ ಬದಲಿಸುತ್ತ ಕುಳಿತರೆ ಅದೂ ದೀರ್ಘಸೂತ್ರತೆಯ ಇನ್ನೊಂದು ವೇಷವೇ ಸರಿ. ಮೊದಲ ಹೆಜ್ಜೆ ತಿಳಿದೊಡನೆ ಯಂತ್ರವನ್ನು ಬದಿಗಿಟ್ಟು ಲೇಖನಿಯನ್ನು ಹಿಡಿಯಬೇಕು.

ಓದುಬರಹ ಬಲ್ಲ ಮನೆಗಳಲ್ಲಿ ‘ಮೊದಲು ಇಷ್ಟು ಬರೆ, ಆಮೇಲೆ ನೋಡೋಣ’ ಎಂದು ಹೇಳುವ ಅಣ್ಣನೋ ಚಿಕ್ಕಪ್ಪನೋ ಇರುತ್ತಾರೆ. ಮನೆತನದಲ್ಲಿಯೇ ಮೊದಲಿಗರಾಗಿ ಪದವಿಯ ಮೆಟ್ಟಿಲೇರಿದ ನನ್ನಂಥವರಿಗೆ ಆ ಮಾತು ಮನೆಯಲ್ಲಿ ಸಿಕ್ಕುವುದಿಲ್ಲ. ಕೃತಕ ಬುದ್ಧಿಮತ್ತೆಯು ಆ ಅಣ್ಣನ ಸ್ಥಾನದಲ್ಲಿ ನಿಂತರೆ ನಮಗೆ ದೊಡ್ಡ ಉಪಕಾರವಾದೀತು. ನಮ್ಮ ಸ್ಥಾನದಲ್ಲಿಯೇ ಅದು ನಿಂತರೆ ಕಾಗದವೇನೋ ತುಂಬುತ್ತದೆ. ನಾವು ಕಲಿಯಬೇಕಾದುದು ಮಾತ್ರ ಮತ್ತೆ ನಾಳೆಗೆ ಉಳಿಯುತ್ತದೆ. ಆ ಬಾಕಿಯು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಸಹಪಾಠಿಗಳೇ, ಮುಂದೆ ನಮ್ಮಲ್ಲಿ ಹಲವರು ಕಚೇರಿಗಳಲ್ಲಿ ಕುಳಿತು ಕಡತ ನೋಡುವವರು. ಅಲ್ಲಿ ನಾವು ನಾಳೆಗೆ ತಳ್ಳುವ ಕಡತವು ಯಾರೋ ಒಬ್ಬ ಮುದುಕಿಯ ಪಿಂಚಣಿಯಾಗಿರುತ್ತದೆ, ರೈತನೊಬ್ಬನ ಪಹಣಿಯಾಗಿರುತ್ತದೆ. ಈ ಅಭ್ಯಾಸವನ್ನು ಕಾಲೇಜಿನ ಕಟ್ಟೆಯಲ್ಲಿ ಕುಳಿತಿರುವಾಗಲೇ ತಿದ್ದಿಕೊಳ್ಳುವುದು ಲೇಸು.