ಅರಳುಮರಳು ಎನ್ನುವ ಮುನ್ನ: ಮನಸ್ಸಿನ ಗುರುತು ಯಾವುದು?

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಸಲೀಸಾಗಿ ಬಳಕೆಯಾಗುತ್ತದೆ. ಅದು ಒಂದು ರೋಗನಿರ್ಣಯ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ಹಿರಿಯರು ಕರೆದರೆ ಓಗೊಡುವುದಿಲ್ಲ, ಒಂದು ಹೇಳಿದರೆ ಇನ್ನೊಂದು ಮಾಡುತ್ತಾರೆ, ಆಗತಾನೆ ಹೇಳಿದ್ದನ್ನು ಮತ್ತೆ ಕೇಳುತ್ತಾರೆ. ಕೂಡಲೇ ‘ಬುದ್ಧಿ ಮಂಕಾಯಿತು’ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಇನ್ನೊಬ್ಬರ ಮನಸ್ಸನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಕಾಣದ ವಸ್ತುವನ್ನು ಅದರ ಗುರುತುಗಳಿಂದ ಊಹಿಸಿ ತಿಳಿಯಬೇಕು. ಗುರುತನ್ನು ತಪ್ಪಾಗಿ ಗ್ರಹಿಸಿದರೆ ಚಿಕಿತ್ಸೆಯೂ ದಾರಿ ತಪ್ಪುತ್ತದೆ, ಹಿರಿಯರೊಬ್ಬರ ಮಾನಕ್ಕೂ ಕುಂದು ಬರುತ್ತದೆ. ಈ ತಪ್ಪನ್ನು ಸ್ವತಃ ನಾನೇ ಮಾಡಿದ್ದೇನೆ. ಅದನ್ನು ಹೇಳಿಯೇ ಮುಂದುವರಿಯುವುದು ಉಚಿತ.

ಹಿರಿಯ ಕಾರ್ಮಿಕರೊಬ್ಬರ ಪ್ರಸಂಗ

ಕೆಲವು ವರ್ಷಗಳ ಹಿಂದೆ ಆಂಡರ್ಸನ್‌ಪೇಟೆಯ ನನ್ನ ಚಿಕಿತ್ಸಾಲಯಕ್ಕೆ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಅವರ ಮಗ ಕರೆತಂದರು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ನೆಲದಾಳದಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ದುಡಿದವರು ಅವರು. ಮನೆಮಾತು ತಮಿಳು. ‘ಡಾಕ್ಟರೇ, ಸಕ್ಕರೆ ತರಲು ಹೇಳಿದರೆ ಇನ್ನೇನೋ ತರುತ್ತಾರೆ. ಬೇಕೆನಿಸಿದರೆ ಮಾತ್ರ ಕೇಳಿಸುತ್ತದೆ, ಇಲ್ಲದಿದ್ದರೆ ಕಲ್ಲಿನಂತೆ ಕುಳಿತಿರುತ್ತಾರೆ’ ಎಂದು ಮಗ ಹೇಳಿದರು. ಬ್ಯಾಂಕಿನ ಪುಸ್ತಕವನ್ನೂ ಮನೆಯ ಬೀಗದಕೈಯನ್ನೂ ಅವರಿಂದ ಆಗಲೇ ತೆಗೆದುಕೊಂಡಿದ್ದರು.

ನಾನು ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕುಳಿತು, ಬರೆದುಕೊಳ್ಳುತ್ತಲೇ, ಕನ್ನಡದಲ್ಲಿ ತಾರೀಖು ಕೇಳಿದೆ, ತಿಂಗಳು ಕೇಳಿದೆ, ನೂರರಿಂದ ಏಳೇಳು ಕಳೆಯಲು ಹೇಳಿದೆ. ಅವರು ಸುಮ್ಮನೆ ನಕ್ಕರು. ಸ್ಮೃತಿದೌರ್ಬಲ್ಯವೆಂದು ಬರೆದು ಬ್ರಾಹ್ಮೀಘೃತ ಕೊಟ್ಟೆ. ನಾಲ್ಕು ತಿಂಗಳು ಕಳೆದರೂ ಗುಣ ಕಾಣಲಿಲ್ಲ. ಮುಂದೆ ಏನಾಯಿತೆಂಬುದನ್ನು ಹೇಳುವ ಮೊದಲು, ಅಂದು ನಾನು ಮರೆತಿದ್ದ ಶಾಸ್ತ್ರವಿಚಾರವನ್ನು ನೆನಪಿಸಿಕೊಳ್ಳಬೇಕು.

ಚರಕಾಚಾರ್ಯರು ಹೇಳಿದ ಗುರುತು

ಅರಿವು ಹುಟ್ಟಬೇಕಾದರೆ ಆತ್ಮ, ಇಂದ್ರಿಯ, ಮನಸ್ಸು ಮತ್ತು ವಿಷಯ ಎಂಬ ನಾಲ್ಕೂ ಕೂಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯ ತಿಳಿಸುತ್ತದೆ. ಹಾಗಾದರೆ ಮನಸ್ಸೆಂಬುದೊಂದು ಬೇರೆ ಇದೆ ಎನ್ನಲು ಪ್ರಮಾಣವೇನು? ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಕಣ್ಣು ತೆರೆದಿದೆ, ವಸ್ತು ಎದುರಿಗಿದೆ, ನೋಡುವವನು ಎಚ್ಚರವಾಗಿದ್ದಾನೆ. ಆದರೂ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಾದ ನಾಲ್ಕನೆಯ ಅಂಶವೇ ಮನಸ್ಸು. ಅರಿವು ಹುಟ್ಟುವುದು ಮತ್ತು ಹುಟ್ಟದಿರುವುದು, ಇವೆರಡೂ ಸೇರಿ ಮನಸ್ಸಿನ ಲಕ್ಷಣ. ಅಲ್ಲಿಯೇ ಮನಸ್ಸಿಗೆ ಎರಡು ಗುಣಗಳನ್ನು ಹೇಳಿದೆ: ಅದು ಅಣು, ಮತ್ತು ಅದು ಒಂದೇ. ಆದ್ದರಿಂದ ಏಕಕಾಲದಲ್ಲಿ ಎಲ್ಲ ಇಂದ್ರಿಯಗಳೊಡನೆ ಅದು ಕೂಡಲಾರದು. ನ್ಯಾಯಶಾಸ್ತ್ರವೂ ಅನೇಕ ಅರಿವುಗಳು ಒಟ್ಟಿಗೆ ಹುಟ್ಟದಿರುವುದನ್ನೇ ಮನಸ್ಸಿನ ‘ಲಿಂಗ’ ಎಂದು ಕರೆಯುತ್ತದೆ. ಅಲ್ಲಿ ಲಿಂಗವೆಂದರೆ ಗುರುತು ಎಂದಷ್ಟೇ ಅರ್ಥ.

ಮನಸ್ಸಿನ ಕೆಲಸಗಳೂ ಅಲ್ಲಿ ಹೇಳಲ್ಪಟ್ಟಿವೆ: ಇಂದ್ರಿಯಗಳನ್ನು ನಡೆಸುವುದು, ತನ್ನನ್ನು ತಾನು ಹಿಡಿದಿಡುವುದು, ಊಹೆ ಮತ್ತು ವಿಚಾರ. ಇವುಗಳ ಆಚೆಗೆ ನಿಶ್ಚಯಿಸುವ ಬುದ್ಧಿ ಪ್ರವರ್ತಿಸುತ್ತದೆ. ಧೀ, ಧೃತಿ, ಸ್ಮೃತಿಗಳು ಕೆಟ್ಟಾಗ ಪ್ರಜ್ಞಾಪರಾಧ ಉಂಟಾಗಿ ರೋಗಗಳಿಗೆ ದಾರಿಯಾಗುತ್ತದೆ.

ಪ್ರಯೋಗಶಾಲೆಯಲ್ಲಿ ಅದೇ ಪ್ರಶ್ನೆ

ಜ್ಞಾನಗ್ರಹಣದ ವಿಜ್ಞಾನವೆಂದು ಈಗ ಬೆಳೆದಿರುವ ಶಾಸ್ತ್ರವೂ ಇದೇ ಬಾಗಿಲಿನಿಂದ ಒಳಹೊಕ್ಕಿತು. 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಗಟ್ಟಿಯಾಗಿ ಮರುನುಡಿಯುವಂತೆ ಹೇಳಿದರು. ಇನ್ನೊಂದು ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದೂ ಕೇಳುಗರ ಗಮನಕ್ಕೆ ಬರಲಿಲ್ಲ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಚೆಂಡಾಟದ ಚಿತ್ರವೊಂದನ್ನು ತೋರಿಸಿ, ಚೆಂಡು ಎಷ್ಟು ಬಾರಿ ಕೈಬದಲಾಯಿತೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ನಡೆದುಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಗೊರಿಲ್ಲಾ ಕಾಣಲೇ ಇಲ್ಲ. ಅವರ ಕಣ್ಣಿನಲ್ಲಿ ದೋಷವಿರಲಿಲ್ಲ, ಮನಸ್ಸು ಎಣಿಕೆಯಲ್ಲಿತ್ತು.

ಹಾಗೆಂದು ಎರಡೂ ಶಾಸ್ತ್ರಗಳು ಒಂದನ್ನೇ ಹೇಳುತ್ತವೆ ಎಂದು ಬೀಗುವುದು ಸರಿಯಲ್ಲ. ಆಧುನಿಕ ವಿಜ್ಞಾನಕ್ಕೆ ಮನಸ್ಸು ಅಣುವಲ್ಲ. ಗಮನ, ಸ್ಮರಣೆ, ಭಾಷೆಗಳು ಮೆದುಳಿನ ಬೇರೆ ಬೇರೆ ಜಾಲಗಳ ವ್ಯಾಪಾರ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಪಸ್ಮಾರದ ರೋಗಿಗೆ ಮೆದುಳಿನ ಎರಡೂ ಬದಿಗಳಲ್ಲಿ ಶಸ್ತ್ರಚಿಕಿತ್ಸೆ ನಡೆದ ಮೇಲೆ, ಹೊಸ ಘಟನೆಗಳಾವುವೂ ಅವರ ನೆನಪಿನಲ್ಲಿ ಉಳಿಯದಾದವು. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸದಲ್ಲಿ ಅವರ ಕೈ ದಿನದಿನಕ್ಕೆ ಪಳಗಿತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಇದನ್ನು ತೋರಿಸಿಕೊಟ್ಟವರು ಬ್ರೆಂಡಾ ಮಿಲ್ನರ್. ಘಟನೆಯ ಸ್ಮೃತಿ ಬೇರೆ, ಕೈಯ ಸ್ಮೃತಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಬೆಳಿಗ್ಗೆ ಉಂಡದ್ದನ್ನು ಮರೆತ ಅಜ್ಜಿಯೂ ಹೂಬತ್ತಿ ಹೊಸೆಯಬಲ್ಲರು. ಆ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಬಾರದು.

ಇನ್ನೊಂದು ಸೂಕ್ಷ್ಮವೂ ಉಂಟು. ಚರಕರ ಮತದಲ್ಲಿ ಮನಸ್ಸು ಕ್ರಿಯಾಶೀಲವಾದರೂ ತಾನಾಗಿ ಅಚೇತನ. ಚೈತನ್ಯ ಆತ್ಮನದು. 1995ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಕೂಡ ಇಂಥದೊಂದು ಗೆರೆ ಎಳೆದರು. ಗಮನ, ಸ್ಮರಣೆ, ಮಾತು ಹೇಗೆ ನಡೆಯುತ್ತವೆಂಬುದನ್ನು ವಿಜ್ಞಾನ ಕ್ರಮೇಣ ಬಿಡಿಸಬಹುದು. ಆದರೆ ಇವೆಲ್ಲದರ ಜೊತೆಗೆ ಅನುಭವವೆಂಬುದು ಏಕೆ ಇದೆ ಎಂಬುದೇ ಕಠಿಣ ಪ್ರಶ್ನೆ ಎಂದರು. ಆತ್ಮವನ್ನು ಚಾಮರ್ಸ್ ಒಪ್ಪಿದರೆಂದು ಇದರ ಅರ್ಥವಲ್ಲ. ವೈದ್ಯನಿಗೆ ಇದರಿಂದ ದೊರೆಯುವ ತಿಳಿವಳಿಕೆ ಇಷ್ಟು: ಆಹಾರ, ನಿದ್ರೆ, ಔಷಧ, ರೋಗಗಳಿಂದ ಏರುಪೇರಾಗುವ ಮನಸ್ಸು ಚಿಕಿತ್ಸೆಗೆ ವಿಷಯ. ಅದು ಮಂಕಾದಂತೆ ಕಂಡ ಮಾತ್ರಕ್ಕೆ ಒಳಗಿರುವ ವ್ಯಕ್ತಿ ಇಲ್ಲವಾದರೆಂದು ತಿಳಿಯಬಾರದು.

ಅಳೆಯುವ ಕೋಲು ಯಾರದು?

ಸ್ಮರಣಶಕ್ತಿಯನ್ನು ಅಳೆಯಲು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 30 ಅಂಕಗಳ ಕಿರುಪರೀಕ್ಷೆ ಜಗತ್ತಿನಲ್ಲೆಲ್ಲ ಹರಡಿತು. ನೂರರಿಂದ ಏಳೇಳು ಕಳೆಯುವ ಪ್ರಶ್ನೆ ಅದರದೇ. ಅದು ಶಾಲೆ ಕಲಿತವರಿಗಾಗಿ ಮಾಡಿದ ಕೋಲು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು ಓದುಬರಹವಿಲ್ಲದ ಹಿರಿಯರಿಗಾಗಿ ಅದನ್ನು ಹಿಂದಿಯಲ್ಲಿ ಮಾರ್ಪಡಿಸಿದರು. ನೂರರ ಬದಲು ಇಪ್ಪತ್ತರಿಂದ ಮೂರು ಮೂರು ಕಳೆಯುವುದು, ಬರೆದ ಆಜ್ಞೆಯನ್ನು ಓದುವ ಬದಲು ಎದುರಿಗಿರುವವರನ್ನು ನೋಡಿ ಕಣ್ಣು ಮುಚ್ಚುವುದು, ಹೀಗೆ.

ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇಂಥ ದೊಡ್ಡ ಕಾರ್ಯವೊಂದು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ 45 ವರ್ಷ ಮೀರಿದವರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ, ವೃದ್ಧಾಪ್ಯದಲ್ಲಿ ಮೆದುಳು ಹೇಗೆ ಬದಲಾಗುತ್ತದೆಂದು ಅರಿಯಲು ಹೊರಟಿದೆ. 10,000 ಜನರನ್ನು ಒಳಗೊಳ್ಳುವುದು ಅದರ ಗುರಿ. ಮಾವು ಬೆಳೆಯುವ, ರೇಷ್ಮೆ ಸಾಕುವ ಕೈಗಳ ಮನಸ್ಸನ್ನು ಅವರ ಬದುಕಿನೊಳಗಿಂದಲೇ ತಿಳಿಯುವ ಪ್ರಯತ್ನ ನಮ್ಮ ನೆರೆಯಲ್ಲೇ ಸಾಗಿರುವುದು ಹೆಮ್ಮೆಯ ಸಂಗತಿ.

ಫ್ಯಾನು ನಿಂತ ದಿನ

ಈಗ ಆ ಹಿರಿಯರ ಪ್ರಸಂಗಕ್ಕೆ ಮರಳೋಣ. ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಫ್ಯಾನು ನಿಂತಿತು, ಬೀದಿಯ ಯಂತ್ರಗಳ ಸದ್ದೂ ಅಡಗಿತು. ಜೊತೆಗೆ ಬಂದಿದ್ದ ಸೊಸೆ ಅವರ ಎದುರಿಗೆ ಬಗ್ಗಿ, ‘ಮಾಮಾ’ ಎಂದು ಕರೆದು, ಮೆಲ್ಲಗೆ ತಮಿಳಿನಲ್ಲಿ ಏನನ್ನೋ ಕೇಳಿದರು. ಅವರು ಕೂಡಲೇ ಸರಿಯಾದ ಉತ್ತರ ಕೊಟ್ಟರು. ನಾನು ಬೆಚ್ಚಿದೆ. ಆಕೆಯ ಮೂಲಕವೇ ಇಪ್ಪತ್ತರಿಂದ ಮೂರು ಮೂರು ಕಳೆಯಲು ಹೇಳಿಸಿದೆ. ತಡವರಿಸದೆ ಎರಡರವರೆಗೆ ಇಳಿದುಬಂದರು. ಗಣಿಯ ಕೆಲಸದ ಬಗ್ಗೆ ಕೇಳಿದಾಗ, ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಪರೀಕ್ಷಿಸುತ್ತಿದ್ದ ಬಗೆಯನ್ನು ಕೈಸನ್ನೆಯಿಂದ ತೋರಿಸಿದರು. ಗಟ್ಟಿ ಬಂಡೆ ಗಂಟೆಯಂತೆ ನಾದಗೊಡುತ್ತದೆ, ಬಿರುಕು ಬಿಟ್ಟದ್ದು ಟೊಳ್ಳಾಗಿ ಸದ್ದು ಮಾಡುತ್ತದೆ. ಕಿವಿಯನ್ನು ನಂಬಿ ಜೀವ ಉಳಿಸಿಕೊಂಡಿದ್ದ ಮನುಷ್ಯನನ್ನು ನಾನು ಗಮನವಿಲ್ಲದವನೆಂದು ಬರೆದಿದ್ದೆ.

ಶ್ರವಣ ಪರೀಕ್ಷೆಗೆ ಕಳುಹಿಸಿದಾಗ ಎರಡೂ ಕಿವಿಗಳಲ್ಲಿ ತೀಕ್ಷ್ಣ ಸ್ವರಗಳ ಗ್ರಹಣ ಬಹಳ ಕುಗ್ಗಿರುವುದು ತಿಳಿಯಿತು. ಯಂತ್ರದ ಭಾರೀ ಸದ್ದು ಮೊದಲು ಕೆಡಿಸುವುದು ಆ ಸ್ವರಗಳನ್ನೇ. ಆಗ ದನಿ ಕೇಳಿಸುತ್ತದೆ, ಸ, ಶ, ಫಕಾರದಂಥ ಅಕ್ಷರಗಳು ಜಾರಿಹೋಗುತ್ತವೆ. ಸದ್ದಿಲ್ಲದ ಕಡೆ ಮಾತು ತಿಳಿಯುತ್ತದೆ, ಗದ್ದಲದಲ್ಲಿ ತಿಳಿಯುವುದಿಲ್ಲ. ಮನೆಯವರಿಗೆ ಅದು ‘ಬೇಕಾದಾಗ ಮಾತ್ರ ಕೇಳಿಸುವ’ ಹಟದಂತೆ ತೋರುತ್ತದೆ. ದೋಷವಿದ್ದದ್ದು ಇಂದ್ರಿಯದಲ್ಲಿ, ಔಷಧ ಹೋದದ್ದು ಸ್ಮೃತಿಗೆ. ಶ್ರವಣಯಂತ್ರ ಬಂದ ಮೇಲೂ ಅವರು ಕೆಲವು ಹೆಸರುಗಳನ್ನು ಮರೆಯುತ್ತಿದ್ದರು, ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆದರೆ ಬೀಗದಕೈ ಅವರ ಸೊಂಟಕ್ಕೆ ಮರಳಿತು.

ಶ್ರವಣದೋಷವನ್ನು ಅಲಕ್ಷಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಕೇಳಿಸದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಒಂಟಿಯಾಗುತ್ತಾರೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಮರೆವಿನ ರೋಗದ ಅಪಾಯ ಹೆಚ್ಚಿಸುವ, ಆದರೆ ತಿದ್ದಬಹುದಾದ 14 ಅಂಶಗಳನ್ನು ಪಟ್ಟಿಮಾಡಿದೆ. ಶ್ರವಣದೋಷ, ಒಂಟಿತನ, ಖಿನ್ನತೆ, ಮಧುಮೇಹ, ರಕ್ತದೊತ್ತಡ ಇವೆಲ್ಲ ಅದರಲ್ಲಿವೆ.

ಮನೆಯಲ್ಲಿ ಗಮನಿಸಬೇಕಾದದ್ದು

1. ಮೊದಲು ವಿಷಯ ಮತ್ತು ಇಂದ್ರಿಯ: ಟಿ.ವಿ. ಆರಿಸಿ, ಬೆಳಕಿನಲ್ಲಿ ಎದುರಿಗೆ ಕುಳಿತು, ಅವರ ಮನೆಮಾತಿನಲ್ಲಿ ನಿಧಾನವಾಗಿ ಮಾತನಾಡಿ. ಆಗ ಉತ್ತರ ಸರಿಯಿದ್ದರೆ ಕಿವಿಯನ್ನು ಪರೀಕ್ಷಿಸಿ. ಕಿವಿಯ ಗುಗ್ಗೆ, ಕಣ್ಣಿನ ಪೊರೆಗಳನ್ನೂ ನೋಡಿಸಿ.

2. ಬಳಿಕ ಮನಸ್ಸು: ನಿದ್ರೆ ಹೇಗಿದೆ? ದುಃಖ, ಸಾವುನೋವು ಸಂಭವಿಸಿದೆಯೆ? ನಿದ್ರೆಯ ಮಾತ್ರೆ ನುಂಗುತ್ತಿದ್ದಾರೆಯೆ? ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ.

3. ಅನ್ನ: ಛಾಂದೋಗ್ಯ ಉಪನಿಷತ್ತಿನಲ್ಲಿ ಶ್ವೇತಕೇತು ಹದಿನೈದು ದಿನ ನೀರು ಮಾತ್ರ ಕುಡಿದಿದ್ದು ಕಲಿತ ವೇದವನ್ನೇ ನೆನೆಯಲಾರದಾಗುತ್ತಾನೆ. ಉಂಡ ಮೇಲೆ ನೆನಪು ಮರಳುತ್ತದೆ. ಶಾಕಾಹಾರಿಗಳಾದ ನಮ್ಮಲ್ಲಿ ವಿಟಮಿನ್ ಬಿ12 ಕೊರತೆ ಮರೆವಿಗೆ ಕಾರಣವಾಗಬಹುದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಬಹುಕಾಲ ಸೇವಿಸುವವರಲ್ಲಿ ಇದರ ಸಂಭವ ಹೆಚ್ಚು. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಈ ಕೊರತೆಯನ್ನು ಯಾವ ಘೃತವೂ ತುಂಬದು.

4. ಒಂದೆರಡು ದಿನಗಳಲ್ಲಿ ಏಕಾಏಕಿ ಗೊಂದಲ ಕಾಣಿಸಿದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದ ಬಳಿಕ ಮಂಕು ಕವಿದರೆ, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

5. ನಡೆದು ಬಳಕೆಯಾದ ದಾರಿ ತಪ್ಪುವುದು, ಹಣದ ಲೆಕ್ಕ ಹಿಡಿಯದಿರುವುದು, ಮಾತಿನ ನಡುವೆ ಪದಗಳು ಸಿಗದಿರುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಅದು ನಿಜವಾದ ಮರೆವಿನ ರೋಗವಿರಬಹುದು. ನರರೋಗ ತಜ್ಞರ ಪರೀಕ್ಷೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವಲ್ಲ.

ಬಸವಣ್ಣನವರು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದ್ದು ನಮಗೆಲ್ಲ ತಿಳಿದದ್ದೇ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಾಗ ನಾವು ಅಭ್ಯಾಸ ಮಾಡುವುದು, ಚರಕರು ಹೇಳಿದ ‘ತನ್ನನ್ನು ತಾನು ಹಿಡಿದಿಡುವ’ ಕೆಲಸವನ್ನೇ. ಪೂಜೆ ಮುಗಿಸಿ ಎದ್ದ ಮೇಲೆ, ಅದೇ ನೆಟ್ಟ ಮನಸ್ಸಿನಿಂದ ಮನೆಯ ಹಿರಿಯರ ಎದುರು ಐದು ನಿಮಿಷ ಕುಳಿತು, ಅವರ ಮುಖ ನೋಡಿ ಮಾತನಾಡಿಸಿ. ಅರಳುಮರಳೋ ಅಲ್ಲವೋ ಎಂಬುದನ್ನು ಆಮೇಲೆ ವೈದ್ಯರೊಡನೆ ಕೂಡಿ ನಿರ್ಧರಿಸಬಹುದು.