ಹಗೇವು ಒಣಗಿರಲಿ, ಜೀವ ಉಳಿಯಲಿ

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಕರಿಮಣ್ಣಿನ ಸೀಮೆಯಲ್ಲಿ ಜೋಳ ಕಾಪಾಡಲು ನೆಲದೊಳಗೆ ಹಗೇವು ತೋಡುವುದು ಹಿರಿಯರ ಪದ್ಧತಿ. ಕೆಲವು ಹಳೆಯ ಮನೆಗಳಲ್ಲಿ ಅದು ಈಗಲೂ ಉಳಿದಿದೆ. ಕಾಯಕದಿಂದ ಬಂದ ಕಾಳು ಮನೆಮಂದಿಗೂ ದಾಸೋಹಕ್ಕೂ ಒದಗಬೇಕು. ಆದರೆ ಹಗೇವಿಗೆ ತೇವ ಹೊಕ್ಕರೆ ಅದೇ ರೋಗಕ್ಕೂ ಸಾವಿಗೂ ದಾರಿಯಾಗುತ್ತದೆ.

ತೇವದಿಂದ ಆಗುವುದೇನು?

ಕರಿಮಣ್ಣು ಮಳೆನೀರನ್ನು ಬಹಳ ದಿನ ಹಿಡಿದಿಡುತ್ತದೆ. ಆ ಪಸೆ ತಗುಲಿದ ಕಾಳು ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಕಾಳೂ ಬೂಷ್ಟೂ ಉಸಿರಾಡುವುದರಿಂದ ಒಳಗಿನ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿರುತ್ತದೆ. ಅದು ಶೇ. 10ಕ್ಕಿಂತ ಕಡಿಮೆಯಾದಲ್ಲಿ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವರೂ ಹಾಗೆಯೇ ಬೀಳುತ್ತಾರೆ.

ಬೂಷ್ಟಿನ ಕೆಲವು ವಿಷಗಳು ಯಕೃತ್ತನ್ನು ಕೆಡಿಸುತ್ತವೆ. ತೊಳೆದರೂ ಬೇಯಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ಅಂಥ ಕಾಳನ್ನು ದನಕ್ಕೂ ಹಾಕಬಾರದು. ಬೂಷ್ಟಿನ ಧೂಳು ದಮ್ಮು ಇದ್ದವರ ಕೆಮ್ಮನ್ನು ಹೆಚ್ಚಿಸುತ್ತದೆ.

ಒಣಗಿಡುವ ಕ್ರಮ

1. ಬಚ್ಚಲ ನೀರು, ಮಾಳಿಗೆಯಿಂದ ಬೀಳುವ ನೀರು ಹಗೇವಿನ ಹತ್ತಿರ ನಿಲ್ಲದಂತೆ ದೂರ ಹರಿಸಿರಿ.
2. ಹಗೇವಿನ ಬಾಯಿಯನ್ನು ನೆಲಕ್ಕಿಂತ ಎತ್ತರಿಸಿ, ಬಿಗಿಯಾಗಿ ಮುಚ್ಚಿರಿ.
3. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ತಳಕ್ಕೂ ಸುತ್ತಲೂ ಒಣ ಹುಲ್ಲು ಹಾಕಿ ತುಂಬಿರಿ.
4. ಬಳಕೆಯಿಲ್ಲದ ಹಗೇವಿನಲ್ಲಿ ನೀರು ನಿಂತು ಗೋಡೆಗೂ ತೇವ ಏರುತ್ತದೆ. ಅದನ್ನು ಒಣ ಮಣ್ಣಿನಿಂದ ತುಂಬಿ ಗಟ್ಟಿಯಾಗಿ ಬಡಿಯಿರಿ.
5. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿತ್ತು. ಅಂಥ ನೆರೆನೀರು ಹೊಕ್ಕ ಕಾಳನ್ನು ತಿನ್ನಬೇಡಿರಿ.

ಇಳಿಯುವ ಮುಂಚೆ

ಹಗೇವು ಒಣಗಿದ್ದರೂ ಮುಚ್ಚಿಟ್ಟ ಕಾಲದಲ್ಲಿ ಒಳಗಿನ ಗಾಳಿ ಕೆಡಬಹುದು. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಲೇಬಾರದು, ಆದರೆ ಉರಿದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಸಾಧ್ಯವಾದಷ್ಟೂ ಕಾಳನ್ನು ಮೇಲಿನಿಂದಲೇ ತೆಗೆಯಿರಿ. ಮಕ್ಕಳನ್ನು ಎಂದೂ ಇಳಿಸಬೇಡಿರಿ.

ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯಬೇಡಿರಿ. ಎಚ್ಚರವಿದ್ದರೆ ಹಗ್ಗ ಕೊಡಿರಿ. ಕೂಡಲೇ 112 ಮತ್ತು 108ಕ್ಕೆ ಕರೆ ಮಾಡಿ, ಗಾಳಿ ಕೆಟ್ಟ ಹಗೇವು ಎಂದು ತಿಳಿಸಿರಿ. ಕರುಳಿನ ಕರೆಗೆ ಓಗೊಟ್ಟು ಇಳಿದರೆ ಒಂದು ಜೀವ ಹೋಗುವಲ್ಲಿ ಎರಡು ಹೋಗುತ್ತವೆ. ಈ ಮಾತನ್ನು ಮನೆಮಂದಿಗೆಲ್ಲ ಇಂದೇ ತಿಳಿಸಿರಿ.