ಯಂತ್ರ ಅದೇ, ವೇಗ ಬೇರೆ!

ಮಕ್ಕಳೇ, ಕೃಷ್ಣರಾಜಸಾಗರದಿಂದ ನಾಲೆಗೆ ಬಂದ ನೀರನ್ನು ನೀರುಗಂಟಿ ಗದ್ದೆಗಳಿಗೆ ಹಂಚುತ್ತಾನಲ್ಲವೇ? ಗಣಕಯಂತ್ರದ ಸ್ಮೃತಿಯನ್ನು ತಂತ್ರಾಂಶಗಳಿಗೆ ಹಾಗೆ ಹಂಚುವುದೇ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಇದಕ್ಕೆ ಉದಾಹರಣೆಗಳು.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ ಬೇಕು. ಲಿನಕ್ಸ್‌ನ ಕೆಲವು ಹಗುರ ಆವೃತ್ತಿಗಳಿಗೆ 1 ಜಿಬಿ ಸಾಕು. ಆದ್ದರಿಂದ ನಿಧಾನವಾದ ಹಳೆಯ ಯಂತ್ರವನ್ನು ಮೂಲೆಗೆ ತಳ್ಳಬೇಕಿಲ್ಲ. ಲಿನಕ್ಸ್ ಹಾಕಿ ಮತ್ತೆ ಬಳಸಬಹುದು. ಅದು ಉಚಿತ, ಅದರಲ್ಲಿ ಕನ್ನಡವನ್ನೂ ಬೆರಳಚ್ಚಿಸಬಹುದು. ಕಾಸರಗೋಡಿನ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಕಲಿಸುವುದು ಲಿನಕ್ಸ್‌ನಲ್ಲೇ. ಆದರೆ ವಿಂಡೋಸ್‌ಗೆಂದೇ ತಯಾರಾದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಕೆಲಸ ನೋಡಿ ವ್ಯವಸ್ಥೆ ಆರಿಸಬೇಕು.

ಮಾಡಿ ನೋಡಿ: ಶಾಲೆಯ ಎರಡು ಗಣಕಯಂತ್ರಗಳನ್ನು ಚಾಲೂ ಮಾಡಿ. ಪರದೆ ಸಿದ್ಧವಾಗಲು ಎಷ್ಟು ಸೆಕೆಂಡು ಬೇಕಾಯಿತು? ಅವುಗಳ ಸ್ಮೃತಿ ಎಷ್ಟು, ವ್ಯವಸ್ಥೆ ಯಾವುದು ಎಂದು ಶಿಕ್ಷಕರಿಂದ ತಿಳಿದು ಹೋಲಿಸಿ.